ಶಾಲೆ ಬಿಟ್ಟ ಕಾರಣ

೯ ಜೂನ್ ೨೦೨೪, ರವಿವಾರ

ಹಮೀದಾ,

ನಿನ್ನ ಮೂರೂ ಕರೆಗಳನ್ನು ನೋಡಿದೆ. ಬೇಕೆಂದೇ ಎತ್ತಲಿಲ್ಲ. ಸಿಟ್ಟಾಗುವ ಮೊದಲು ಯಾಕೆಂದು ಕೇಳು.

ನಿಮ್ಮ ತಾಲೂಕಿಗೆ ಶಿಕ್ಷಣಾಧಿಕಾರಿಯಾಗಿ ಬಂದ ಐದನೆಯ ದಿನ ಒಬ್ಬ ಹೆಡ್‌ಮಾಸ್ತರರು ಫೋನ್ ಮಾಡಿದ್ದರು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಏನು ಮಾಡಲಿ ಎಂದರು. "ಪಂಚಾಯ್ತಿಯವರಿಗಿ ಕೇಳ್ರಿ ಸರ, ನಾ ಏನು ಕೊಡ ಹೊತ್ತು ತರ್ಲೇನು?" ಅಂದೆ, ನಗುತ್ತ. ಅವರೂ ನಕ್ಕರು. ಮರುದಿನ ಬೆಳಿಗ್ಗೆ ನನ್ನ ಮಾತಿನ ಕೊನೆಯ ತುಂಡೊಂದೇ, ನಗು ಕತ್ತರಿಸಿ, ತಾಲೂಕಿನ ಹನ್ನೊಂದು ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿತ್ತು. 'ಹೊಸ ಮೇಡಂ ದರ್ಪ' ಎಂದು ಮೇಲೊಂದು ತಲೆಬರಹ ಬೇರೆ. ಮಧ್ಯಾಹ್ನದ ಹೊತ್ತಿಗೆ ಮೇಲಿನವರಿಂದ ವಿವರಣೆ ಕೇಳಿ ಪತ್ರ ಬಂತು. ಅಂದಿನಿಂದ ಫೋನಿನಲ್ಲಿ ನಾನು "ಹೌದು, ಇಲ್ಲ, ಬರೆದು ಕೊಡಿ" ಎಂಬ ಮೂರು ಮಾತಿನ ಹೊರತು ಬೇರೆ ಆಡುವುದಿಲ್ಲ. ನಿನ್ನ ಜೊತೆ ಆ ಮೂರು ಮಾತಿನಲ್ಲಿ ಮಾತಾಡಲು ನನಗಾಗದು.

ಮೊನ್ನೆಯ ಮುಖ್ಯ ಶಿಕ್ಷಕರ ಸಭೆಯಲ್ಲಿ ನೀನು ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಕೂದಲು ಪೂರಾ ಬೆಳ್ಳಗಾಗಿದೆ. ನಿನ್ನ ಸರದಿ ಬಂದಾಗ ನಾನು "ಹಮೀದಾಬೇಗಂ ಮೇಡಂ, ನೀಲವಾಡಿ" ಎಂದು ಓದಿದೆ. ನೀನು ಎದ್ದು ನಿಂತು "ಹಾಜರ್ರಿ ಮೇಡಂ" ಅಂದೆ. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿ ಎರಡು ವರ್ಷ ಶಿಕ್ಷಕರ ತರಬೇತಿ ಮುಗಿಸಿದವರು ನಾವು. ನಾನು ಮುಂದೆ ಪರೀಕ್ಷೆ ಬರೆದು ಅಧಿಕಾರಿಯಾದೆ, ನೀನು ಶಾಲೆಯಲ್ಲೇ ಉಳಿದೆ. ಎಲ್ಲರೂ ನೋಡುತ್ತಿದ್ದಾಗ ಬೇರೇನು ಅನ್ನಬಹುದಿತ್ತು, ಹೇಳು.

ನಮ್ಮಪ್ಪ ದೌಲತರಾಯರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಕಾಲ ನಿನಗೆ ಗೊತ್ತಲ್ಲ. ನರೋಣಾದ ಮನೆಯಿಂದ ಸೈಕಲ್ ಹತ್ತಿ ಹೊರಟರೆ, ಆಳಂದದ ಕಡೆಯ ಹಳ್ಳಿಗಳಲ್ಲಿ ಗೌಡ ಕಟ್ಟೆಯಿಂದ ಇಳಿದು ನಿಲ್ಲುತ್ತಿದ್ದ. ಅವರು ಮಕ್ಕಳ ಪಾಟಿ ನೋಡುತ್ತಿದ್ದರು, ಮಗ್ಗಿ ಕೇಳುತ್ತಿದ್ದರು. ನಾನು ನೋಡುವುದು ಮಕ್ಕಳು ಮೊಟ್ಟೆ ತಿನ್ನುವ ಫೋಟೊ. ದಿನಕ್ಕೆ ನೂರಾ ತೊಂಬತ್ತು ಶಾಲೆಗಳ ಫೋಟೊ ಬರಬೇಕು, ಬರದಿದ್ದರೆ ನಾನು ಕಾರಣ ಬರೆಯಬೇಕು. ಹತ್ತೊಂಬತ್ತು ದಿನದಲ್ಲಿ ಒಂದು ಮಗುವಿನ ಬಾಯಿಂದ ಒಂದು ಪದ್ಯ ಕೇಳಿಲ್ಲ.

ಕಾಗದ ಬರೆ. ಮನೆಯ ವಿಳಾಸಕ್ಕೇ ಬರೆ. ಕಾಗದದ ಮಾತನ್ನು ಯಾರೂ ಅರ್ಧಕ್ಕೆ ಕತ್ತರಿಸಲಾರರು.

ಹಳೆಯ ಕೋಣೆಯವಳು,
ಮಧುಮತಿ


ನೀಲವಾಡಿ
೨೩ ಜೂನ್ ೨೦೨೪

ಮಧು,

ಕಾಗದ ನೋಡಿ ನಗು ಬಂತು, ಆಮೇಲೆ ಬರಲಿಲ್ಲ. ನೀನು ಅಷ್ಟು ಹೆದರುತ್ತೀ ಎಂದು ಗೊತ್ತಿರಲಿಲ್ಲ. ಹಾಸ್ಟೆಲ್ಲಿನ ವಾರ್ಡನ್ ಎದುರು ನಿಂತು "ಅನ್ನದಾಗ ಹುಳ ಅದಾವ, ನೀವ ಮೊದಲು ಉಣ್ರಿ" ಎಂದವಳು ನೀನು. ನಾನು ನಿನ್ನ ಬೆನ್ನ ಹಿಂದಿದ್ದೆ.

ನಿನಗೆ ಫೋನ್ ಮಾಡಿದ್ದು ಸುಖದುಃಖಕ್ಕಲ್ಲ, ಕೆಲಸಕ್ಕೆ. ಅದನ್ನೇ ಬರೆಯುತ್ತೇನೆ.

ನಮ್ಮದು ಐದನೇ ತರಗತಿವರೆಗಿನ ಶಾಲೆ. ನಲವತ್ತಮೂರು ಮಕ್ಕಳು, ನಾನು ಮತ್ತು ಸಂಜುಕುಮಾರ ಮಾಸ್ತರು. ಬಿಸಿಯೂಟದ ಮುಖ್ಯ ಅಡುಗೆಯವಳು ಅರವತ್ತು ತುಂಬಿ ಕೆಲಸ ಬಿಟ್ಟಳು. ಆ ಜಾಗಕ್ಕೆ ನಾಲ್ವರು ಅರ್ಜಿ ಹಾಕಿದ್ದರು. ನಿಯಮದ ಪ್ರಕಾರ ಮೊದಲ ಹಕ್ಕು ಚಂದಮ್ಮನದು. ಗಂಡ ತೀರಿಕೊಂಡಿದ್ದಾನೆ, ಮಗಳು ಭಾಗ್ಯಜ್ಯೋತಿ ನಮ್ಮಲ್ಲೇ ನಾಲ್ಕನೇ ತರಗತಿ ಓದುತ್ತಾಳೆ. ಅವರದು ಬೌದ್ಧ ಮನೆತನ, ಊರಿನ ಕೆಳಗಿನ ದಲಿತರ ಓಣಿಯವರು. ಶಾಲಾ ಸಮಿತಿಯ ಅಧ್ಯಕ್ಷ ಕಲ್ಲಿನಾಥ ಅರ್ಜಿಗಳನ್ನು ಓದದೆ ಸಹಿ ಹಾಕಿದ. ಓದದೆ ಹಾಕುತ್ತಾನೆಂದು ನನಗೆ ಗೊತ್ತಿತ್ತು. ಅದು ನನ್ನ ತಪ್ಪಾದರೆ ತಪ್ಪು.

ಜೂನ್ ಮೂರರ ಸೋಮವಾರ ಚಂದಮ್ಮ ಒಲೆ ಹಚ್ಚಿದಳು. ಬೇಳೆ ಸಾರು, ಅನ್ನ. ಗಂಟೆ ಬಾರಿಸಿದಾಗ ನಲವತ್ತಮೂರರಲ್ಲಿ ಹದಿನಾರು ಮಕ್ಕಳು ತಟ್ಟೆ ಹಿಡಿದರು. ಉಳಿದವರು ಹಸಿವಿಲ್ಲ ಎಂದರು. ಇಪ್ಪತ್ತೇಳು ಮಕ್ಕಳಿಗೆ ಒಟ್ಟಿಗೇ ಹಸಿವಿಲ್ಲ, ಕೇಳಿದ್ದೀಯಾ? ಎರಡನೇ ತರಗತಿಯ ಒಂದು ಹುಡುಗಿ ಮಾತ್ರ ಮರೆತು ತಟ್ಟೆ ತೆಗೆದುಕೊಂಡಿತು. ಅದರ ಅಕ್ಕ ಓಡಿಬಂದು ಕಿತ್ತುಕೊಂಡಳು.

ಸಂಜೆ ಕಲ್ಲಿನಾಥ ಬಂದ. ನಯವಾಗಿಯೇ ಮಾತಾಡಿದ.

"ಮೇಡಮ್ಮಾರ, ನಾ ಏನೂ ಜಾತಿ ಮಾಡಂಗಿಲ್ರಿ. ಚಂದಮ್ಮ ನಮ್ಮ ಹೊಲಕ್ಕೇ ಕಳೆ ತೆಗಿಲಾಕ ಬರ್ತಾಳ. ಖರೆ ಮನ್ಯಾಗ ಹೆಣಮಕ್ಕಳು ಕೇಳವಲ್ರು. ಅಕಿಗಿ ಕಸ ಹೊಡಿಯೋ ಕೆಲಸ ಕೊಡ್ರಿ, ಪಗಾರ ಅಷ್ಟೇ ಕೊಡ್ರಿ, ಯಾರ ಬ್ಯಾಡ ಅಂತಾರ?"

"ಅಧ್ಯಕ್ಷರ, ಸಾಲ್ಯಾಗ ಕಸ ಹೊಡಿಯೋ ಹುದ್ದೆ ಇಲ್ರಿ. ಅಡಗಿ ಮಾಡೋ ಹುದ್ದೆ ಅದ" ಅಂದೆ.

ಮಧು, ನೀನು ಒಂದು ದಿನ ಬಾ. ಅಧಿಕಾರಿ ಬಂದು ಮಕ್ಕಳ ಸಾಲಿನಲ್ಲಿ ಕೂತು ಉಂಡರೆ ಅರ್ಧ ಊರು ಸುಮ್ಮನಾಗುತ್ತದೆ. ಇನ್ನರ್ಧವನ್ನು ನಾನು ನೋಡಿಕೊಳ್ಳುತ್ತೇನೆ.

ದಾರಿ ಕಾಯುತ್ತಾ,
ಹಮೀದಾ


೩೦ ಜೂನ್ ೨೦೨೪

ಹಮೀದಾ,

ಬರುತ್ತೇನೆ. ಜುಲೈ ಹನ್ನೊಂದು, ಗುರುವಾರ. ನಾನೊಬ್ಬಳೇ ಬರುವ ಹಾಗಿಲ್ಲ. ಜೀಪಿನಲ್ಲಿ ಬಿಸಿಯೂಟದ ಅಧಿಕಾರಿ, ಒಬ್ಬ ಫೋಟೊದವನು ಇರುತ್ತಾರೆ. ಅದು ಈಗಿನ ಪದ್ಧತಿ.

ಅಲ್ಲಿಯವರೆಗೆ ಒಂದು ಮಾತು ಕೇಳು. ಯಾವ ವರದಿಯಲ್ಲೂ 'ಜಾತಿ' ಎಂಬ ಶಬ್ದ ಬರೆಯಬೇಡ. ಬರೆದ ಕೂಡಲೇ ಅದು ನಿನ್ನ ಕೈಯಲ್ಲೂ ಉಳಿಯುವುದಿಲ್ಲ, ನನ್ನ ಕೈಯಲ್ಲೂ ಉಳಿಯುವುದಿಲ್ಲ. ತಹಶೀಲ್ದಾರರು, ಪೊಲೀಸರು, ಆಮೇಲೆ ಟಿ.ವಿ.ಯವರು. ಎರಡು ದಿನ ಊರ ತುಂಬ ಕ್ಯಾಮೆರಾ, ಮೂರನೇ ದಿನ ಯಾರೂ ಇಲ್ಲ. ಆಮೇಲೆ ಆ ಹೆಂಗಸು ಅದೇ ಊರಲ್ಲಿ ನೀರಿಗೆ ಹೋಗಬೇಕು. ನಾನು ಹಿಂದೆ ಜೇವರ್ಗಿಯ ಕಡೆ ಇದ್ದಾಗ ಇಂಥದ್ದೊಂದನ್ನು ಹತ್ತಿರದಿಂದ ನೋಡಿದ್ದೇನೆ.

ಅಪ್ಪ ಇಂಥ ಊರಲ್ಲಿ ಏನು ಮಾಡುತ್ತಿದ್ದರು ಎಂದು ಯೋಚಿಸಿದೆ. ಗೌಡನನ್ನು ಕರೆಸಿ ಗದರಿಸುತ್ತಿದ್ದರು, ಅವನು ಕೇಳುತ್ತಿದ್ದ. ಯಾಕೆ ಕೇಳುತ್ತಿದ್ದ ಗೊತ್ತೆ? ಅವನ ಮಗನೂ ಅದೇ ಶಾಲೆಯಲ್ಲಿದ್ದ. ಬೇರೆ ಶಾಲೆ ಇರಲಿಲ್ಲ. ಈಗ ನಾನು ಯಾರನ್ನು ಗದರಿಸಿದರೂ, "ಆಯ್ತ್ರಿ ಮೇಡಂ, ನಮ್ಮ ಹುಡುಗರನ್ನ ಇಂಗ್ಲಿಷ್ ಮೀಡಿಯಂಗೆ ಹಾಕ್ತೀವಿ" ಎನ್ನುತ್ತಾರೆ. ಮಕ್ಕಳ ಸಂಖ್ಯೆ ಇಳಿದರೆ ಮೇಲಿನವರು ನನ್ನನ್ನು ಗದರಿಸುತ್ತಾರೆ. ಗದರಿಸುವ ಅಧಿಕಾರ ಊರಿಗೆ ಹೋಗಿದೆ, ಹಮೀದಾ. ನನ್ನ ಹತ್ತಿರ ಉಳಿದಿರುವುದು ಜೀಪು.

ಗುರುವಾರ ಸಿಗೋಣ.
ಮಧುಮತಿ


ನೀಲವಾಡಿ
೧೪ ಜುಲೈ ೨೦೨೪

ಮಧುಮತಿ,

ನಿನ್ನೆಯ ಪತ್ರಿಕೆಯಲ್ಲಿ ನಿನ್ನ ಫೋಟೊ ಬಂದಿದೆ. 'ಮಕ್ಕಳೊಂದಿಗೆ ಊಟ ಸವಿದ ಶಿಕ್ಷಣಾಧಿಕಾರಿ'. ಮಕ್ಕಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ನಾನು ಬೇಡ ಅನ್ನಲಿಲ್ಲ.

ಅವತ್ತು ಏನೇನಾಯಿತೆಂದು ನನ್ನ ಕಣ್ಣಿಗೆ ಕಂಡಂತೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನೀನು ಬಂದೆ. ಚಪ್ಪಲಿ ಬಿಟ್ಟು ನೆಲಕ್ಕೇ ಕೂತೆ, ಕುರ್ಚಿ ತಂದರೂ ಬೇಡವೆಂದೆ. ಊರಿನವರು ಕಂಪೌಂಡಿನ ಹೊರಗೆ ನಿಂತಿದ್ದರು, ಕಲ್ಲಿನಾಥ ಎಲ್ಲರಿಗಿಂತ ಮುಂದೆ. ಚಂದಮ್ಮ ಅವತ್ತು ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟಿದ್ದಳು. ನಿನ್ನ ತಟ್ಟೆಗೆ ಅನ್ನ ಹಾಕುವಾಗ ಎರಡು ಅಗಳು ನಿನ್ನ ಸೀರೆಯ ಮೇಲೆ ಬಿದ್ದವು. ನೀನು ನಕ್ಕು, "ಇರಲಿ ಬಿಡವ್ವ" ಅಂದೆ. ಫೋಟೊದವನು ಫೋಟೊ ತೆಗೆದ. ನಿನ್ನ ಫೋನು ರಿಂಗಾಯಿತು. ನೀನು ಎದ್ದು ಬೇವಿನ ಗಿಡದ ಕೆಳಗೆ ಹೋದೆ. ಮಾತಾಡುತ್ತಲೇ ಜೀಪು ಹತ್ತಿದೆ. ಕೈ ಬೀಸಿದೆ.

ಮಕ್ಕಳು ನೀನು ಬರಲೆಂದು ತುತ್ತು ಎತ್ತದೆ ಕೂತಿದ್ದರು. ನಾನೇ "ಉಣ್ರಿ" ಎಂದೆ.

ಚಂದಮ್ಮ ಮುಟ್ಟದೆ ಉಳಿದ ನಿನ್ನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಯಾರೋ, "ನೋಡಿದ್ರಿಲ್ಲ? ಮೇಡಮ್ಮನೂ ನಮ್ಮವ್ರೇ" ಅಂದದ್ದು ನನ್ನ ಕಿವಿಗೆ ಬಿತ್ತು.

ಹಾಸ್ಟೆಲ್ಲಿನಲ್ಲಿ ನೀನು ಮೊದಲ ಸಲ ನನ್ನ ಡಬ್ಬಿಯ ರೊಟ್ಟಿ ಮುರಿದ ದಿನ ನೆನಪಾಯಿತು. ಆಗ ನಿನ್ನನ್ನು ಯಾರೂ ನೋಡುತ್ತಿರಲಿಲ್ಲ.

ಹಮೀದಾಬೇಗಂ


೨೮ ಜುಲೈ ೨೦೨೪

ಹಮೀದಾ,

ಕರೆ ಬಂದದ್ದು ನಿಜ. ಜಿಲ್ಲಾ ಕಚೇರಿಯಿಂದ, ಹಾಜರಾತಿಯ ಅಂಕಿ ಕೇಳಿ. ಎರಡು ನಿಮಿಷದ ಕರೆ. ಎರಡು ನಿಮಿಷದ ಮೇಲೆ ಮತ್ತೆ ಬಂದು ಕೂರಬಹುದಿತ್ತಲ್ಲ ಎಂದು ನೀನು ಬರೆದಿಲ್ಲ, ಆದರೂ ನಾನು ಅದನ್ನೇ ಓದಿದೆ.

ಬೇರೆ ವಿಷಯ ಬರೆಯುತ್ತೇನೆ.

ಕಳೆದ ಮಂಗಳವಾರ ನಿಮ್ಮ ಕಲ್ಲಿನಾಥ ಇಪ್ಪತ್ತು ಜನರನ್ನು ಕರೆದುಕೊಂಡು ಕಚೇರಿಗೆ ಬಂದಿದ್ದ. ಜೊತೆಗೆ ಒಬ್ಬ ಮುಖಂಡ, ಹೆಸರು ಬೇಡ. ಬಿಳಿ ಅಂಗಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಕಾಯಕ ದಾಸೋಹದ ಮಾತು. "ಎಲ್ಲರೂ ಒಂದೇ ಅಂತ ಹೇಳಿದ ಪರಂಪರೆ ನಮ್ಮದ್ರಿ ಮೇಡಂ" ಎಂದು ಶುರು ಮಾಡಿದ. "ಖರೆ ಜನರ ಭಾವನೆಗೂ ಬೆಲಿ ಕೊಡಬೇಕಲ್ರಿ" ಎಂದು ಮುಗಿಸಿದ. ಕಬ್ಬಿಣದ ಗೇಟು, ಬಣ್ಣದ ಗೋಡೆಯ ಆ ಹೊಸ ಇಂಗ್ಲಿಷ್ ಮೀಡಿಯಂ ಶಾಲೆ ಇದೆಯಲ್ಲ, ಅದು ಅವನ ಭಾವಮೈದುನನದು. ಬೇಕಾದರೆ ನೀಲವಾಡಿಗೆ ನಾಳೆಯಿಂದಲೇ ವ್ಯಾನ್ ಕಳಿಸುತ್ತಾರಂತೆ. ಬೆದರಿಕೆ ಅನ್ನಬೇಡ, ಅವನು ಸೇವೆ ಎಂದ.

ಒಂದು ದಾರಿ ಇದೆ. ಮೂರು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಯಲ್ಲಿ ಸಹಾಯಕ ಅಡುಗೆಯವಳ ಜಾಗ ಖಾಲಿ ಇದೆ. ಚಂದಮ್ಮನನ್ನು ಅಲ್ಲಿಗೆ ಕಳಿಸೋಣ. ನಿನ್ನ ನಲವತ್ತಮೂರು ಮಕ್ಕಳು ಉಳಿಯುತ್ತಾರೆ, ಶಾಲೆ ಉಳಿಯುತ್ತದೆ. ಅವಳನ್ನು ಕೇಳಿ ನೋಡು. ಹೊಂದಾಣಿಕೆ ಎಂದು ತಿಳಿ, ಸೋಲು ಎಂದು ತಿಳಿಯಬೇಡ.

ನಿನ್ನ,
ಮಧುಮತಿ


ನೀಲವಾಡಿ
೨೫ ಆಗಸ್ಟ್ ೨೦೨೪

ಮಧುಮತಿ,

ಕೇಳಿದೆ. ಕೇಳಬಾರದಿತ್ತು, ಆದರೂ ನೀನು ಹೇಳಿದ್ದಕ್ಕೆ ಕೇಳಿದೆ.

ಚಂದಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಾ ಯಾಕ ಹೋಗ್ಲಿರಿ ಮೇಡಮ್ಮಾರ? ತಪ್ಪು ಮಾಡ್ದವರು ಹೋಗ್ತಾರ. ನಾ ಮಾಡಿದ್ದು ಅನ್ನ ಹಳಸಿತ್ತಂದ್ರ ಹೇಳ್ರಿ, ಇವತ್ತೇ ಹೋಗ್ತೇನಿ."

"ಹಳಸಿಲ್ಲ" ಅಂದೆ.

"ಹಂಗಾದ್ರ ಅಲ್ಲಿಯವರೂ ಬ್ಯಾಡ ಅಂದ್ರ ಎಲ್ಲಿಗಿ ಹೋಗ್ಲಿ? ಅದರ ಮುಂದಿನ ಸಾಲಿಗಿ? ಸುಮ್ನಿರ್ರಿ, ನಾ ಇಲ್ಲೇ ಇರ್ತೇನಿ."

ಸ್ವಾತಂತ್ರ್ಯ ದಿನದ ಮರುದಿನ ವ್ಯಾನ್ ಬಂತು. ಹಳದಿ ಬಣ್ಣದ್ದು, ಮೇಲೆ ಸರಸ್ವತಿಯ ಚಿತ್ರ. ಶಾಲೆಯ ಗೇಟಿನ ಎದುರಿಗೇ ನಿಲ್ಲಿಸಿದರು. ಇಪ್ಪತ್ತೈದು ಮಕ್ಕಳು ಟೈ ಕಟ್ಟಿಕೊಂಡು ಹತ್ತಿದರು. ನಾನು ಒಂದನೇ ತರಗತಿಯಿಂದ ಅಕ್ಷರ ತಿದ್ದಿಸಿದ ಮಕ್ಕಳು. ಕೆಲವರು ನನಗೆ ಕೈ ಬೀಸಿದರು, ಅವರಿಗೇನು ಗೊತ್ತು. ಕೂಲಿ ಮಾಡುವ ಎರಡು ಲಿಂಗಾಯತರ ಮನೆಯ ಮಕ್ಕಳು ವ್ಯಾನಿನ ಫೀಸು ಕಟ್ಟಲಾಗದೆ ಉಳಿದಿದ್ದಾರೆ. ಆ ಮಕ್ಕಳು ಈಗ ಚಂದಮ್ಮನ ಕೈಯಿಂದ ಎರಡು ಸಲ ಸಾರು ಹಾಕಿಸಿಕೊಂಡು ಉಣ್ಣುತ್ತಾರೆ. ನೋಡಲು ದೊಡ್ಡವರು ಯಾರೂ ಇಲ್ಲವಲ್ಲ.

ವರ್ಗಾವಣೆ ಪತ್ರ ಕೇಳಿ ಕಲ್ಲಿನಾಥನೇ ಮೊದಲು ಬಂದ, ಇಬ್ಬರು ಮಕ್ಕಳದು. ದಾಖಲಾತಿ ವಹಿಯಲ್ಲಿ ಕೊನೆಯ ಕಾಲಂ 'ಶಾಲೆ ಬಿಟ್ಟ ಕಾರಣ'. ನಾನು ಅವನೆದುರಿಗೇ ಬರೆದೆ: 'ಅಡುಗೆಯವರ ಜಾತಿಯ ಕಾರಣ ಪಾಲಕರು ಬಿಡಿಸಿಕೊಂಡು ಹೋಗಿದ್ದಾರೆ.' ಓದಿ ಅವನ ಮುಖ ಕೆಂಪಾಯಿತು.

"ಇದೇನ್ ಬರದ್ರಿ? ಇದು ನಾಳಿಗಿ ನನ್ನ ಮಗನ ಕಾಗದದಾಗ ಇರ್ತದೇನ್ರಿ?"

"ಇರ್ತದ."

"ನಾ ಹಂಗ ಹೇಳಿಲ್ಲಲ್ರಿ!"

"ಹಂಗಿದ್ರ ನೀವ ಹೇಳ್ರಿ, ಏನ್ ಬರೀಲಿ?"

ಅವನು ಪತ್ರವನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಹೋದ. ಇಪ್ಪತ್ತೈದು ಸಲ ಅದೇ ಸಾಲು ಬರೆದೆ ಮಧು. ಕೈ ಸೋತಿತು, ಆದರೆ ಅಕ್ಷರ ಕೆಡಲಿಲ್ಲ.

ಹಮೀದಾ


೮ ಸೆಪ್ಟೆಂಬರ್ ೨೦೨೪

ಹಮೀದಾ,

ನೀನು ಬರೆದ ಆ ಸಾಲಿನ ಫೋಟೊ ಮೊದಲು ಬಂದದ್ದು ನನಗಲ್ಲ, ನನ್ನ ಮೇಲಿನವರಿಗೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ಜಿಲ್ಲೆಯಾಗ ಇಂಥಾ ಪ್ರಕರಣ ಒಂದೂ ಇಲ್ಲ ಅಂತ ನಾವು ಬರಕೊಟ್ಟೀವಿ. ಈಗ ಏನು ಮಾಡೋಣ್ರಿ ಮೇಡಂ?"

ಕಂಪ್ಯೂಟರಿನಲ್ಲಿ ಶಾಲೆ ಬಿಟ್ಟ ಕಾರಣ ತುಂಬುವ ಕಡೆ ಒಂದು ಪಟ್ಟಿ ಬರುತ್ತದೆ. ಪಾಲಕರ ಕೋರಿಕೆ, ಊರು ಬದಲಾವಣೆ, ಅನಾರೋಗ್ಯ, ಹೀಗೆ ಆರು ಕಾರಣಗಳು. ಅವುಗಳಲ್ಲಿ ಒಂದನ್ನು ಒತ್ತಬೇಕು. ನೀನು ಬರೆದ ಕಾರಣ ಆ ಪಟ್ಟಿಯಲ್ಲಿ ಇಲ್ಲ. ನಾನು ಇಡೀ ದಿನ ಹುಡುಕಿದೆ ಎಂದರೆ ನೀನು ನಂಬುವುದಿಲ್ಲ. 'ಇತರೆ' ಎಂಬುದೂ ಇಲ್ಲ.

ವಹಿಯಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ 'ಪಾಲಕರ ಕೋರಿಕೆ' ಎಂದು ಬರೆ. ಅದು ಸುಳ್ಳೂ ಅಲ್ಲ. ಪಾಲಕರು ಕೋರಿದ್ದು ಹೌದಲ್ಲ? ಬರೆಯದಿದ್ದರೆ ನಿನಗೆ ನೋಟಿಸು ಕೊಡಬೇಕಾಗುತ್ತದೆ. ಸಹಿ ನನ್ನದೇ ಇರುತ್ತದೆ. ಅದಕ್ಕೇ ಮೊದಲು ಈ ಕಾಗದ.

ನಿನಗೆ ನಿವೃತ್ತಿಗೆ ಐದೂವರೆ ವರ್ಷವಿದೆ. ನನಗೂ ಹೆಚ್ಚುಕಡಿಮೆ ಅಷ್ಟೇ. ಯಾರಿಗಾಗಿ ಈ ಹಟ?

ಕೈ ಮುಗಿದು ಕೇಳುತ್ತೇನೆ,
ಮಧು


ನೀಲವಾಡಿ
೨೨ ಸೆಪ್ಟೆಂಬರ್ ೨೦೨೪

ಮಧುಮತಿ,

ನೋಟಿಸು ಶುಕ್ರವಾರ ಬಂತು. ಉತ್ತರ ಕೊಟ್ಟಿದ್ದೇನೆ. ವಹಿ ತಿದ್ದಿಲ್ಲ.

ಉತ್ತರ ಬರೆಯುವಾಗ ಸಂಜುಕುಮಾರ ಮಾಸ್ತರು ಹತ್ತಿರ ಕೂತಿದ್ದರು. "ವಹಿ ತಿದ್ದಂತ ಮ್ಯಾಲಿಂದೇ ಹೇಳ್ಯಾರ ಅಂಬೋದಕ್ಕ ಏನಾರ ಪುರಾವೆ ಅದ ಏನ್ರಿ ಮೇಡಂ?" ಎಂದರು. ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು, ನಿನ್ನ ಕೈಬರಹದಲ್ಲೇ. "ಇಲ್ಲ" ಎಂದೆ.

ನಿನಗಾಗಿ ಹಾಗೆ ಹೇಳಿದೆ ಎಂದು ತಿಳಿಯಬೇಡ. ನೀನು ಬರೆದದ್ದನ್ನು ಬೇರೆಯವರು ಓದಿದರೆ ನನಗೇ ನಾಚಿಕೆಯಾಗುತ್ತಿತ್ತು.

ಯಾರಿಗಾಗಿ ಎಂದು ಕೇಳಿದೆ. ಭಾಗ್ಯಜ್ಯೋತಿ ಮೊನ್ನೆ ನನ್ನನ್ನು ಕೇಳಿದಳು, "ಮೇಡಂ, ಅವರೆಲ್ಲ ಯಾಕ ಸಾಲಿ ಬಿಟ್ಟರ್ರಿ?" ಒಂಬತ್ತು ವರ್ಷದ ಹುಡುಗಿ, ಅವಳಿಗೆ ಗೊತ್ತು. ನಾನು ಖರೆ ಹೇಳುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳು, ಅಷ್ಟೇ.

ಹಮೀದಾಬೇಗಂ


೧೫ ಡಿಸೆಂಬರ್ ೨೦೨೪

ಹಮೀದಾ,

ಮೂರು ತಿಂಗಳಾಯಿತು. ನಾನು ಎರಡು ಕಾಗದ ಬರೆದು ಹರಿದೆ. ಇದನ್ನು ಹರಿಯದೆ ಕಳಿಸುತ್ತೇನೆ, ಯಾಕೆಂದರೆ ನಾಳೆ ಕಚೇರಿಯಿಂದ ಹೊರಡುವ ಆದೇಶವನ್ನು ನೀನು ನನ್ನಿಂದಲೇ ಮೊದಲು ತಿಳಿಯಬೇಕು.

ನೀಲವಾಡಿಯ ಶಾಲೆಯನ್ನು ಮೂರು ಕಿಲೋಮೀಟರ್ ಆಚೆಯ ಶಾಲೆಗೆ ವಿಲೀನ ಮಾಡಲಾಗಿದೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ನಾಲ್ಕು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಹವಳಗಾದ ಕಡೆ ಕಬ್ಬು ಕಡಿಯಲು ಹೋದರೆಂದು ನೀನೇ ಹಾಜರಾತಿಯಲ್ಲಿ ತೋರಿಸಿದ್ದೀ. ಉಳಿದದ್ದು ಒಂಬತ್ತು ಮಕ್ಕಳು. ಹತ್ತಕ್ಕಿಂತ ಕಡಿಮೆಯಾದರೆ ಪ್ರಸ್ತಾವ ಕಳಿಸಲೇಬೇಕೆಂದು ಮೇಲಿನ ಸೂಚನೆ. ಕಾರಣದ ಜಾಗದಲ್ಲಿ 'ಮಕ್ಕಳ ಸಂಖ್ಯೆ ಇಳಿಕೆ' ಎಂದು ಬರೆದೆ. ಅದರ ಹಿಂದಿನ ಕಾರಣ ಬರೆಯಲು ಆ ನಮೂನೆಯಲ್ಲಿ ಜಾಗ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ, ಅದನ್ನು ನೀನು ಕೇಳಬೇಡ.

ನಿನ್ನನ್ನು ನೆಲೋಗಿಯ ಕಡೆಯ ಶಾಲೆಗೆ ಹಾಕಿಸಿದ್ದೇನೆ, ನಿನ್ನ ತವರಿಗೆ ಹತ್ತಿರ. ನೋಟಿಸನ್ನು 'ಎಚ್ಚರಿಕೆ' ಎಂದು ಬರೆದು ಮುಗಿಸಿದ್ದೇನೆ. ಬಡ್ತಿಗೆ ಅಡ್ಡ ಬರುವುದಿಲ್ಲ. ಇಷ್ಟು ನನ್ನ ಕೈಯಲ್ಲಿತ್ತು. ಚಂದಮ್ಮನ ವಿಷಯ ನನ್ನ ಕೈಯಲ್ಲಿರಲಿಲ್ಲ. ಆ ದೊಡ್ಡ ಶಾಲೆಯಲ್ಲಿ ಜುಲೈಯಲ್ಲಿ ಖಾಲಿ ಇದ್ದ ಜಾಗ ಈಗ ಭರ್ತಿಯಾಗಿದೆ. ಅವಳ ಕೆಲಸ ಶಾಲೆಯ ಜೊತೆಗೇ ಹೋಗುತ್ತದೆ. ಆಗಲೇ ಒಪ್ಪಿಕೊಂಡಿದ್ದರೆ ಎಂದು ನಾನು ಬರೆಯುವುದಿಲ್ಲ.

ಅಪ್ಪ ಹದಿನಾಲ್ಕು ಹಳ್ಳಿಗಳಲ್ಲಿ ಶಾಲೆಗೆ ಜಾಗ ಕೇಳುತ್ತ ತಿರುಗಿದ್ದರು. ಒಬ್ಬರ ದನದ ಕೊಟ್ಟಿಗೆ, ಇನ್ನೊಬ್ಬರ ಪಡಸಾಲೆ, ಸಿಕ್ಕಲ್ಲಿ ಶಾಲೆ ಕೂರಿಸಿದರು. ಜನ ಕೊಟ್ಟರು. ಅವರ ಕಾಲಕ್ಕೆ ಅಧಿಕಾರಿ ಎಂದರೆ ಊರಿಗೆ ಇಲ್ಲದ್ದನ್ನು ತರುವವನು. ಈಗ ಊರಿಗೆ ಬೇಡವಾದದ್ದನ್ನು ಎತ್ತಿಕೊಂಡು ಹೋಗಲು ನನ್ನನ್ನು ಕರೆಯುತ್ತಾರೆ. ಈ ವರ್ಷ ಇದು ನಾಲ್ಕನೆಯ ಬೀಗ. ಅಪ್ಪ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ಅಥವಾ ಅವರೂ ಸಹಿ ಹಾಕುತ್ತಿದ್ದರೋ ಏನೋ. ನನ್ನನ್ನು ಕೇಳಿದ ಹಾಗೆ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಬೈಯಬೇಕೆನಿಸಿದರೆ ಬೈದು ಬರೆ.

ಮಧು


೯ ಫೆಬ್ರುವರಿ ೨೦೨೫

ಹಮೀದಾ,

ನೀನು ಬೈದೂ ಬರೆಯಲಿಲ್ಲ.

ನೆಲೋಗಿಯ ಕಡೆ ಸೇರಿಕೊಂಡೆಯೆಂದು ಕಚೇರಿಯ ಕಾಗದದಿಂದ ತಿಳಿಯಿತು. ಬಸ್ಸು ಸರಿಯಾಗಿ ಇದೆಯೆ? ಮಂಡಿ ನೋವು ಹೇಗಿದೆ? ಇಂಥದ್ದನ್ನೆಲ್ಲ ಕೇಳುವ ಹಕ್ಕು ನನಗೆ ಇನ್ನೂ ಇದೆಯೋ ಗೊತ್ತಿಲ್ಲ, ಕೇಳುತ್ತಿದ್ದೇನೆ.

ನಿನಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ಕಳೆದ ಶನಿವಾರ ಆ ಇಂಗ್ಲಿಷ್ ಮೀಡಿಯಂ ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಹೋಗಿದ್ದೆ. ಒಲ್ಲೆ ಎಂದೆ, ಎರಡನೇ ಸಲ ಕೇಳಿದ್ದು ಆ ಮುಖಂಡನಲ್ಲ, ಅವನಿಗಿಂತ ಮೇಲಿನವರು. ಖಾಸಗಿ ಶಾಲೆಯೂ ನನ್ನ ತಾಲೂಕಿನದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಶಾಲೆ ಅಚ್ಚುಕಟ್ಟಾಗಿದೆ, ಅದನ್ನು ಅಲ್ಲಗಳೆಯಲಾರೆ. ಅಂಗಳದಲ್ಲಿ ಒಂದು ಕಡ್ಡಿ ಕಸವಿರಲಿಲ್ಲ. ಭಾಷಣದಲ್ಲಿ ಅದನ್ನೇ ಹೊಗಳಿದೆ, ಬೇರೇನು ಹೊಗಳುವುದೆಂದು ತಿಳಿಯದೆ. ನೀಲವಾಡಿಯ ಮಕ್ಕಳು ಒಂದು ಇಂಗ್ಲಿಷ್ ಹಾಡಿಗೆ ಕುಣಿದರು. ಕಲ್ಲಿನಾಥ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ.

ನಮ್ಮ ತಾಲೂಕಿಗೆ ಈ ವರ್ಷ ಬಿಸಿಯೂಟದಲ್ಲಿ ಒಂದೂ ದೂರಿಲ್ಲವೆಂದು ಜಿಲ್ಲೆಯ ಪ್ರಶಂಸಾ ಪತ್ರ ಬಂದಿದೆ. ಅದನ್ನು ಕಚೇರಿಯ ಗೋಡೆಗೆ ಹಾಕಿಸಿದ್ದಾರೆ, ನನ್ನ ಕುರ್ಚಿಯ ಹಿಂದೆ. ನಾನು ಕೂತಾಗ ನನಗದು ಕಾಣುವುದಿಲ್ಲ. ಎದುರಿಗೆ ಬಂದವರಿಗೆ ಕಾಣುತ್ತದೆ.

ಒಂದು ಸಾಲಾದರೂ ಬರೆ. ಚಂದಮ್ಮ, ಅವಳ ಮಗಳು ಎಲ್ಲಿದ್ದಾರೆಂದು ಗೊತ್ತಿದ್ದರೆ ಅದನ್ನಾದರೂ ತಿಳಿಸು. ಏನಾದರೂ ಮಾಡಬಹುದೇ ನೋಡುತ್ತೇನೆ.

ನಿನ್ನ ಮಧು


ನೆಲೋಗಿ
೨ ಮಾರ್ಚ್ ೨೦೨೫

ಮಧುಮತಿ,

ಇಷ್ಟು ದಿನ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಈಗ ನೀನು ಕೇಳಿದ್ದಕ್ಕೆ ಉತ್ತರವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸು ಸರಿಯಾಗಿದೆ. ಮಂಡಿ ಹಾಗೇ ಇದೆ.

ನೀಲವಾಡಿಯ ಒಂಬತ್ತು ಮಕ್ಕಳಲ್ಲಿ ಆರು ಮಕ್ಕಳು ಮೂರು ಕಿಲೋಮೀಟರ್ ನಡೆದು ಹೋಗುತ್ತಾರೆ. ಎರಡು ಮಕ್ಕಳು ಬಿಟ್ಟರು. ಒಬ್ಬಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ, ಒಬ್ಬನು ಕುರಿ ಕಾಯುತ್ತಾನೆ. ಒಂಬತ್ತನೆಯವಳು ಭಾಗ್ಯಜ್ಯೋತಿ. ಅವಳ ಆಧಾರ್ ಕಾಗದ ನನ್ನ ಚೀಲದಲ್ಲೇ ಉಳಿದುಬಿಟ್ಟಿತ್ತು. ಕೊಡಲೆಂದು ಕಳೆದ ಶನಿವಾರ ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಪ್ಯಾರಿಬಿ, "ಅವ್ವ ಮಗಳು ಇಬ್ರೂ ಇಂಗ್ಲಿಷ್ ಸಾಲಿಗಿ ಹೋಗ್ಯಾರ್ರಿ, ವ್ಯಾನಿನ್ಯಾಗ" ಎಂದಳು. ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ.

ತಪ್ಪಿರಲಿಲ್ಲ. ಜನವರಿಯಿಂದ ಚಂದಮ್ಮ ಆ ಶಾಲೆಯಲ್ಲಿ ಆಯಾ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಅಂಗಳ ಗುಡಿಸುತ್ತಾಳೆ, ಶೌಚಾಲಯ ತೊಳೆಯುತ್ತಾಳೆ, ಸಣ್ಣ ಮಕ್ಕಳನ್ನು ವ್ಯಾನಿನಿಂದ ಇಳಿಸಿಕೊಳ್ಳುತ್ತಾಳೆ. ಅದಕ್ಕೆ ಪಗಾರದ ಜೊತೆ ಮಗಳ ಫೀಸು ಮಾಫಿ. ಭಾಗ್ಯಜ್ಯೋತಿ ಅದೇ ಹಳದಿ ವ್ಯಾನಿನಲ್ಲಿ ಹೋಗುತ್ತಾಳೆ, ಕೊನೆಯ ಸೀಟು. ಅಲ್ಲಿ ಬಿಸಿಯೂಟ ಇಲ್ಲ. ಎಲ್ಲರೂ ಅವರವರ ಡಬ್ಬಿ ತರುತ್ತಾರೆ. ಹಾಗಾಗಿ ಯಾರಿಗೂ ತೊಂದರೆ ಇಲ್ಲ. ಕೆಲಸ ಕೊಡಿಸಿದವನು ಯಾರು ಗೊತ್ತೆ? ಕಲ್ಲಿನಾಥ. ಮನೆಗೇ ಹೋಗಿ ಕರೆದನಂತೆ. ಅವನು ಕೆಟ್ಟವನೆಂದು ತಿಳಿದುಕೊಂಡಿರುವುದು ಇಷ್ಟು ದಿನ ನನಗೆ ಸುಲಭವಾಗಿತ್ತು.

ನಾನು ಆ ಶಾಲೆಗೆ ಹೋದಾಗ ಚಂದಮ್ಮ ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ತೆಳ್ಳಗಾಗಿದ್ದಾಳೆ. ಇದಕ್ಕೆ ಒಪ್ಪಬಾರದಿತ್ತು ಎಂದು ನನ್ನ ಬಾಯಿಗೆ ಬಂದಿತ್ತು. ನನ್ನ ಪಗಾರ ತಿಂಗಳ ಮೊದಲಿಗೆ ಬರುತ್ತದೆ ಎಂದು ನೆನಪಾಯಿತು. ಅವಳೇ ಹೇಳಿದಳು.

"ಇಲ್ಲಿ ಛಲೋ ಅದ್ರಿ ಮೇಡಮ್ಮಾರ. ಕಸಬರಗಿ ಹಿಡದ್ರ ಯಾರೂ ಯಾಕ ಅಂತ ಕೇಳಂಗಿಲ್ಲ. ಸೌಟ ಹಿಡದಾಗ ಎಲ್ಲರೂ ಕೇಳಿದ್ರು."

"ಭಾಗ್ಯ ಹ್ಯಾಂಗ ಓದಾಕತ್ತಾಳ?"

"ಓದ್ತಾಳ್ರಿ. ಮೊದಲಿನಂಗ ಮಾತಾಡಂಗಿಲ್ಲ."

ಆಮೇಲೆ ನಾನು ವಾರ್ಷಿಕೋತ್ಸವದ ಮಾತು ತೆಗೆದೆ. ನೀನು ಅಲ್ಲಿಗೆ ಹೋದದ್ದು ನಿನ್ನ ಕಾಗದದಿಂದ ತಿಳಿದಿತ್ತಲ್ಲ. ಚಂದಮ್ಮ ನಕ್ಕಳು. ಅವತ್ತು ನೀನು ಜೀಪಿನಿಂದ ಇಳಿದಾಗ ಗೇಟಿನಲ್ಲಿ ಆರತಿ ತಟ್ಟೆ ಹಿಡಿದ ಟೀಚರುಗಳ ಹಿಂದೆ ಅವಳೂ ನಿಂತಿದ್ದಳಂತೆ. ನಿನ್ನ ಹಣ್ಣಿನ ಬುಟ್ಟಿಯನ್ನು ಜೀಪಿನ ತನಕ ಹೊತ್ತು ತಂದಿಟ್ಟವಳು ಅವಳೇ. ನೀನು "ಹಿಂದಿನ ಸೀಟಿನ್ಯಾಗ ಇಡವ್ವ" ಎಂದೆಯಂತೆ. ಮುಖ ನೋಡಿಯೇ ಹೇಳಿದೆಯಂತೆ.

"ಗುರುತು ಹಿಡೀಲಿಲ್ಲೇನು?" ಎಂದೆ.

"ಇಲ್ರಿ. ಹಿಡೀದಿದ್ದು ಛಲೋನೇ ಆತು ಬಿಡ್ರಿ" ಎಂದಳು ಚಂದಮ್ಮ. "ಹಿಡದಿದ್ರ ಪಾಪ, ಮೇಡಮ್ಮಾರಿಗಿ ನನ್ನ ಕೂಡ ಏನ್ ಮಾತಾಡಬೇಕಂತ ತಿಳೀತಿದ್ದಿಲ್ಲ."

ನೀನು ಏನಾದರೂ ಮಾಡಬಹುದೇ ಎಂದು ಕೇಳಿದ್ದೀ. ಇಲ್ಲ.

ಹಮೀದಾಬೇಗಂ